ಗುಂಪಿನ ನಂಬರಿನ ಕೊನೇ ಅಂಕಿ

ಅಣ್ಣ: ಪುಟ್ಟಿ, ನಾನೀಗ ನಮ್ಮ ಮನೆ ಗ್ರೂಪಿಗೆ ಕಳಿಸಿದ ಚಿತ್ರ ನೋಡ್ಕೋ, ಹೀಗೆ ಬರೆದಿದ್ದಾರೆ: "118 ಧಾತುಗಳಿಗೂ ಒಂದೇ ಸೂತ್ರ! ಗುಂಪಿನ ಸಂಖ್ಯೆಯ ಕೊನೇ ಅಂಕಿಯೇ ವೇಲೆನ್ಸ್ ಎಲೆಕ್ಟ್ರಾನ್." ಸೋಡಿಯಂ ಆವರ್ತಕ ಕೋಷ್ಟಕದ 1ನೇ ಗುಂಪು, ಅಂದ್ರೆ 1ನೇ ಕಂಬಸಾಲು, ಹೊರಗಿನ ಕವಚದಲ್ಲಿ ಎಲೆಕ್ಟ್ರಾನ್ ಒಂದು. ಕ್ಲೋರಿನ್ 17, ಏಳು. ಎಷ್ಟು ಸಲೀಸು!

ಪುಟ್ಟಿ: ದೊಡ್ಡಪ್ಪ, ಇದನ್ನೇ ನಂಬ್ಕೊಂಡು ಮೊನ್ನೆ ಟೆಸ್ಟಲ್ಲಿ ಹೀಲಿಯಂಗೆ 8 ಅಂತ ಬರೆದೆ. ಮಾರ್ಕ್ಸ್ ಹೋಯ್ತು.

ನಾನು: ಅಣ್ಣ, ಹೀಲಿಯಂನಲ್ಲಿ ಇರೋದೇ ಒಟ್ಟು ಎರಡು ಎಲೆಕ್ಟ್ರಾನ್. ಮೊದಲ ಕವಚಕ್ಕೆ ಹಿಡಿಸೋದೂ ಅಷ್ಟೇ. ಕವಚ ತುಂಬಿ, ಯಾರ ಜೊತೆಗೂ ಸೇರದೆ ಇರುತ್ತಲ್ಲ, ಆ ಗುಣಕ್ಕೆ ಅದನ್ನ 18ನೇ ಗುಂಪಲ್ಲಿ ಕೂರಿಸಿದ್ದಾರೆ.

ಅಣ್ಣ: ಒಂದು ಹೀಲಿಯಂಗೋಸ್ಕರ ಸೂತ್ರಾನೇ ಬಿಡ್ಬೇಕಾ? ನಾನು ಅವೆನ್ಯೂ ರೋಡಲ್ಲಿ ತಂದಿದ್ದ ಹಳೇ ಚಾರ್ಟಲ್ಲಿ ಕ್ಲೋರಿನ್ ಗುಂಪಿನ ನಂಬರೇ ನೇರವಾಗಿ ಏಳು ಎ.

ನಾನು: ಅದೇ ಚಾರ್ಟಲ್ಲಿ ಮ್ಯಾಂಗನೀಸ್ ಏಳು ಬಿ. ಆ ಎ-ಬಿ ಒಂದೊಂದು ದೇಶದಲ್ಲಿ ಒಂದೊಂದು ಥರ ಇತ್ತು. ಆ ಗೊಂದಲ ತಪ್ಪಲಿ ಅಂತಾನೇ 1ರಿಂದ 18ರ ಎಣಿಕೆ ತಂದಿದ್ದು.

ತಮ್ಮ: ಪೀಣ್ಯದಲ್ಲಿ ನಮ್ಮ ಲೋಹದ ಲೇಪ ಹಾಕೋ ಪ್ಲೇಟಿಂಗ್ ಟ್ಯಾಂಕ್‌ಗಳನ್ನೇ ನೋಡು ಅಣ್ಣ. ತಾಮ್ರ 11ನೇ ಗುಂಪು, ನಿನ್ನ ಲೆಕ್ಕಕ್ಕೆ ಒಂದು. ಸೈನೈಡ್ ಟ್ಯಾಂಕಲ್ಲಿ ಒಂದು ಎಲೆಕ್ಟ್ರಾನ್ ಬಿಟ್ಟ ತಾಮ್ರ ಇರುತ್ತೆ, ಸರಿ. ಪಕ್ಕದ ನೀಲಿ ಸಲ್ಫೇಟ್ ಟ್ಯಾಂಕಲ್ಲಿ ಇರೋದು ಎರಡು ಬಿಟ್ಟಿದ್ದು. ಎರಡಕ್ಕೂ ಒಂದೇ ಲೆಕ್ಕ ಹಾಕಿದ್ರೆ ಕೋಟಿಂಗ್ ದಪ್ಪಾನೇ ತಪ್ಪುತ್ತೆ.

ಅಣ್ಣ: ಹತ್ತನೇ ಕ್ಲಾಸಿಗೆ ತಾಮ್ರದ್ದು ಯಾರೋ ಕೇಳ್ತಾರೆ?

ನಾನು: ಪಿಯುಸಿಲಿ ಕೇಳ್ತಾರಲ್ಲ. ಇವತ್ತು "118ಕ್ಕೂ" ಅಂತ ತಲೇಲಿ ಕೂತಿದ್ದನ್ನ ಆಗ ಅಳಿಸೋದು ಎಷ್ಟು ಕಷ್ಟ ಅಂತ ದಿನಾ ಕ್ಲಾಸಲ್ಲಿ ನೋಡ್ತೀನಿ. ಸೂತ್ರ ಬೇಡ ಅಂತಿಲ್ಲ. 1, 2, ಆಮೇಲೆ 13ರಿಂದ 18, ಹೀಲಿಯಂ ಬಿಟ್ಟು ಅಂತ ಹೇಳಿಕೊಡು. ಪುಟ್ಟಿ, ಆಕ್ಸಿಜನ್ ಬರಿ.

ಪುಟ್ಟಿ: ಒಳಕವಚದಲ್ಲಿ 2, ಹೊರಕವಚದಲ್ಲಿ 6. 16ನೇ ಗುಂಪು. ವೇಲೆನ್ಸಿ, ಅಂದ್ರೆ ಎಷ್ಟು ಬಂಧ ಮಾಡುತ್ತೆ ಅನ್ನೋದು, 6 ಅಲ್ವಾ ಅತ್ತೆ?

ನಾನು: ಅಲ್ಲ ಕಂದ. ಹೊರಕವಚದಲ್ಲಿ ಇರೋದು ಆರು, ಎಂಟಾಗೋಕೆ ಬೇಕಾಗಿರೋದು ಎರಡು. ವೇಲೆನ್ಸಿ 2. ಅದಕ್ಕೇ ನೀರಲ್ಲಿ ಒಂದು ಆಕ್ಸಿಜನ್‌ಗೆ ಎರಡು ಹೈಡ್ರೋಜನ್. ಅಣ್ಣ, ಚಿತ್ರದ ಕೊನೇ ಸಾಲು ಓದು. ವೇಲೆನ್ಸ್ ಎಲೆಕ್ಟ್ರಾನ್ ಸಂಖ್ಯೆ, ವೇಲೆನ್ಸಿ ಎರಡೂ ಒಂದೇ ಅಂತ ಹಾಕಿದ್ದಾರೆ.

ಅಣ್ಣ: ಓದಿದೆ. ಅದು ತಪ್ಪೇ. ಬೆಳಿಗ್ಗೆ ಲಾಲ್‌ಬಾಗ್ ವಾಕಿಂಗ್ ಗ್ರೂಪಿಗೂ ಕಳಿಸಿದ್ದೆ, ಅಲ್ಲೂ ಮಕ್ಕಳಿರೋ ಮನೆಗಳಿವೆ. ಪುಟ್ಟಿ, 3ರಿಂದ 12ನೇ ಗುಂಪಿಗೆ ಅಡ್ಡಗೆರೆ ಹಾಕಿ ಒಂದು ಕೋಷ್ಟಕ ಬರೆದು ಕಳಿಸಮ್ಮ, ಇದರ ಬದಲು ಅದನ್ನ ಹಾಕ್ತೀನಿ.