ಅಪ್‌ಡೇಟ್: ಸಣ್ಣ ಕೈಗೆ ರಿವಾಲ್ವರೋ ಪಿಸ್ತೂಲೋ?

ಕೇಳಿದ್ದು ಇಷ್ಟು: ಕೊಡಗಿನ ತೋಟದ ಮನೆಯ ರಕ್ಷಣೆಗೆ, ಈವರೆಗೆ ಗುಂಡು ಹಾರಿಸದ, ಗಿಡ್ಡ ಬೆರಳಿನವರಿಗೆ ಯಾವುದು ಸರಿ? ಉತ್ತರಿಸಿದ ಎಲ್ಲರಿಗೂ ವಂದನೆ. ತೀರ್ಮಾನ .32 ರಿವಾಲ್ವರ್.

ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ 2029ರವರೆಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದು ರಿವಾಲ್ವರಿಗೂ ಸಲ್ಲುತ್ತದೆಂದು ನಂಬಿ ಕೂರಬೇಡಿ, ಮೊದಲು ವಿಚಾರಿಸಿ. 9 ಎಂ.ಎಂ. ಜನಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ), ಆ ಆಸೆ ಬಿಡಿ.

ಕೈಗೆ ಹೊಂದುತ್ತದೆಯೇ ಎಂದು ಅಳತೆ ನೋಡುವ ಕ್ರಮವೇ ಮುಖ್ಯ. ಖಾಲಿ ಇದೆಯೆಂದು ಎರಡು ಸಲ ನೋಡಿ. ಹೆಬ್ಬೆರಳು, ತೋರುಬೆರಳಿನ ನಡುವಿನ ಕವಲು ಹಿಡಿಯ ಹಿಂಬದಿಗೆ ನೇರ ಕೂರಬೇಕು, ನಳಿಗೆ ಮುಂಗೈಯ ಸಾಲಿಗೆ ಬರಬೇಕು. ಹಾಗೇ ಹಿಡಿದು, ತೋರುಬೆರಳ ತುದಿಯ ಮೆತ್ತೆ ಟ್ರಿಗರ್‌ನ ಮಧ್ಯಕ್ಕೆ ಎಟುಕಬೇಕು. ಎಟುಕಲಿಲ್ಲವೆಂದು ಹಿಡಿ ತಿರುಗಿಸಿಕೊಂಡರೆ ಗುಂಡು ಹಾರುವಾಗಿನ ಒದೆತವೆಲ್ಲ ಹೆಬ್ಬೆರಳ ಗಿಣ್ಣಿಗೆ, ಗುಂಡು ಪಕ್ಕಕ್ಕೆ. ರಿವಾಲ್ವರಿನ ಹಿಡಿಯೊಳಗೆ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಇರುವುದಿಲ್ಲ, ಹಾಗಾಗಿ ತೆಳು ಹಿಡಿ ಹಾಕಿಸಬಹುದು. ಪಿಸ್ತೂಲಿನಲ್ಲಿ ಆ ದಾರಿ ಕಡಿಮೆ. ಮಣಿಕಟ್ಟು ಸಡಿಲವಾದರೆ ಪಿಸ್ತೂಲಿನಲ್ಲಿ ಹಾರಿದ ತೋಟಾದ ಖಾಲಿ ಕೇಸ್ ಸಿಕ್ಕಿಕೊಳ್ಳುವುದೂ ಉಂಟು.

500 ಗ್ರಾಂನ ನಿರ್ಭೀಕ್ ಎಂಬ .32 ರಿವಾಲ್ವರ್ ಕೈಚೀಲಕ್ಕೆ ಚೆಂದ. ಆದರೆ ಹಗುರವಾದಷ್ಟೂ ಒದೆತ ಜೋರು. ಮನೆಯಲ್ಲೇ ಇಡುವುದಕ್ಕೆ ಭಾರದ್ದೇ ವಾಸಿ.

ರಿವಾಲ್ವರಿನ ತೊಡಕು ಒಂದೇ, ಒಂದೇ ಎಳೆತಕ್ಕೆ ಹ್ಯಾಮರ್ ಹಿಂದೆ ಸರಿದು ಬಡಿಯುವ ಡಬಲ್ ಆ್ಯಕ್ಷನ್ ಟ್ರಿಗರ್ ಬಿಗಿ. ಹ್ಯಾಮರ್ (ಹಿಂಬದಿಯ ಸುತ್ತಿಗೆ) ಮೊದಲೇ ಎಳೆದಿಟ್ಟರೆ ಹಗುರವಾಗುತ್ತದೆ, ನಿಜ; ಕತ್ತಲಲ್ಲಿ, ನಡುಗುವ ಕೈಯಲ್ಲಿ ಆ ಹಗುರವೇ ಅಪಾಯ. ಡಮ್ಮಿ ತೋಟಾ ಹಾಕಿ ದಿನಕ್ಕೆ ಹತ್ತು ನಿಮಿಷ ನಿಧಾನ ಎಳೆದು ಅಭ್ಯಾಸ ಮಾಡಿಸಬೇಕು, ಅಸಲಿ ತೋಟಾ ಬೇರೆ ಕೋಣೆಯಲ್ಲಿಟ್ಟು. ಉಳಿದ ಹೊತ್ತು ಬೀಗದೊಳಗೆ.