ಜೆಫ್ರಿ ಡಿ ಮ್ಯಾಂಡೆವಿಲ್ ಬರೀ ಪಕ್ಷಾಂತರಿನಾ, ಇಲ್ಲ ಅವನಿಗೆ ಬೇರೆ ದಾರಿನೇ ಇರ್ಲಿಲ್ವಾ?

ರಾತ್ರಿಓದು:
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇಂಗ್ಲೆಂಡಿನ 12ನೇ ಶತಮಾನದ ಅಂತರ್ಯುದ್ಧದ ಬಗ್ಗೆ ಓದ್ತಿದೀನಿ, ಅದೇ ಸ್ಟೀಫನ್ ರಾಜನಿಗೂ ಮಟಿಲ್ಡಾಗೂ ಸಿಂಹಾಸನಕ್ಕೆ ನಡೆದಿದ್ದು. ಅದ್ರಲ್ಲಿ ಈ ಜೆಫ್ರಿ ತಲೆ ತಿಂತಾ ಇದಾನೆ. 1140ರಲ್ಲಿ ಸ್ಟೀಫನ್ ಇವನನ್ನ ಎಸೆಕ್ಸ್‌ನ ಅರ್ಲ್ (ದೊಡ್ಡ ಪ್ರಭು) ಮಾಡ್ತಾನೆ, 1141ರ ಫೆಬ್ರವರಿಲಿ ಲಿಂಕನ್ ಯುದ್ಧದಲ್ಲಿ ಸ್ಟೀಫನ್ ಸೆರೆಸಿಕ್ಕ ಮೇಲೆ ಇವನು ಮಟಿಲ್ಡಾ ಕಡೆ, ಲಂಡನ್ ಜನ ಅವಳನ್ನ ಊರಿಂದ ಓಡಿಸಿದ ಮೇಲೆ ವಾಪಸ್ ಸ್ಟೀಫನ್ ಕಡೆ, ಮತ್ತೆ ಪ್ರತಿ ಸಲ ಕೈಯಲ್ಲಿ ಒಂದು ಹೊಸ ಸನ್ನದು! ಗಾಳಿ ಬಂದಾಗ ತೂರಿಕೊಳ್ಳೋದು ಅಂದ್ರೆ ಇದೇ ಅಲ್ವಾ? ನನಗೆ ಅರ್ಥ ಆಗದೇ ಇರೋದು, ಇಂಥವನನ್ನ ಇಬ್ಬರೂ ಯಾಕೆ ಸಹಿಸಿಕೊಂಡ್ರು ಅಂತ.

ಕೋಟೆಬಾಗಿಲು:
ಒಂದೇ ಮಾತಲ್ಲಿ ಹೇಳ್ಬೇಕಂದ್ರೆ ಲಂಡನ್ ಟವರ್. ಅದರ ಕಾವಲು ಇವನ ಕೈಲಿತ್ತು. ಊರು ಪಕ್ಕದಲ್ಲೇ, ನದಿ ಕಾಲಡಿಯಲ್ಲೇ, ಆ ಕೋಟೆ ಯಾರ ಕಡೆ ಇದೆಯೋ ಲಂಡನ್‌ನವರ ಕುತ್ತಿಗೆ ಅವರ ಕೈಲಿ ಇದ್ದಂಗೆ. ಮಟಿಲ್ಡಾ ಕೊಟ್ಟ ಸನ್ನದು ನೋಡಿ, ಲಂಡನ್ ಮತ್ತೆ ಮಿಡ್ಲ್‌ಸೆಕ್ಸ್‌ನ ಶೆರಿಫ್ (ರಾಜನ ಪರವಾಗಿ ಆ ಸೀಮೆ ನೋಡ್ಕೊಳ್ಳೋ ಅಧಿಕಾರಿ) ಹುದ್ದೆ ವರ್ಷಕ್ಕೆ 300 ಪೌಂಡ್ ಕಟ್ಟೋ ಕರಾರಿನ ಮೇಲೆ ಇವನಿಗೆ. ಅದರ ಜೊತೆಗೆ ಒಂದು ಮಜಾ ಷರತ್ತು ಬೇರೆ, ಲಂಡನ್ ಜನ ಇವನ ಪರಮ ಶತ್ರುಗಳು, ಆದ್ರಿಂದ ಇವನು ಒಪ್ಪದೆ ಮಟಿಲ್ಡಾ ಅವರ ಜೊತೆ ರಾಜಿ ಮಾಡ್ಕೊಳಲ್ಲ ಅಂತ. ಸಿಂಹಾಸನಕ್ಕೆ ಹೊರಟವಳ ಕೈಲಿ ಇಂಥದ್ದು ಬರೆಸ್ಕೊಳ್ತಾನೆ ಅಂದ್ರೆ ಎಷ್ಟು ಧೈರ್ಯ ನೋಡಿ.

ಇನ್ನೊಂದು ಕಥೆ ಇದೆ. ಸ್ಟೀಫನ್ ಮಗನಿಗೆ ನಿಶ್ಚಯ ಆಗಿದ್ದ ಫ್ರಾನ್ಸ್ ರಾಜನ ತಂಗಿ ಕಾನ್‌ಸ್ಟನ್ಸ್, ರಾಣಿ (ಸ್ಟೀಫನ್ ಹೆಂಡತಿ) ಜೊತೆ ಲಂಡನ್‌ನಲ್ಲಿದ್ಳು, ರಾಣಿ ಅವಳನ್ನ ಕರ್ಕೊಂಡು ಹೊರಡೋಕೆ ನೋಡಿದ್ರೆ ಇವನು ಹುಡುಗೀನ ಬಿಡಲ್ಲ ಅಂತ ಟವರಲ್ಲೇ ಇಟ್ಕೊಂಡ. ಸ್ಟೀಫನ್ ಆಗ ನುಂಗ್ಕೊಂಡ, ಮರೀಲಿಲ್ಲ.

ಹಳೇಕಾಗದ:
ಪಕ್ಷಾಂತರಿ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಕಥೆ 1101ರಿಂದ ಶುರು ಮಾಡಿ. ಇವನ ಅಪ್ಪ ವಿಲಿಯಂ ಟವರ್ ಕಾವಲಲ್ಲಿದ್ದಾಗ ಡರ್‌ಹ್ಯಾಮ್‌ನ ಬಿಷಪ್ ಫ್ಲಾಂಬಾರ್ಡ್ ಅಲ್ಲಿ ಕೈದಿ. ವೈನ್ ತುಂಬಿದ ಪಾತ್ರೆಯಲ್ಲಿ ಹಗ್ಗ ಬಚ್ಚಿಟ್ಟು ಒಳಗೆ ತರಿಸ್ಕೊಂಡ, ಕಾವಲುಗಾರರಿಗೆ ಕುಡಿಸಿ ಮಲಗಿಸಿ ಕಿಟಕಿಯಿಂದ ಇಳಿದ, ಮನುಷ್ಯ ದಪ್ಪ, ಗ್ಲೌಸ್ ಮರ್ತಿದ್ದ, ಅಂಗೈ ಚರ್ಮ ಎಲ್ಲಾ ಹಗ್ಗಕ್ಕೆ ಸುಲಿದು ಹೋಯ್ತು. ಆದ್ರೆ ತಪ್ಪಿಸ್ಕೊಂಡ, ಇಂಗ್ಲೆಂಡ್ ಬಿಟ್ಟೇ ಹೋದ. ಅದರ ದಂಡ ಬಿದ್ದಿದ್ದು ವಿಲಿಯಂಗೆ, ಸ್ಯಾಫ್ರನ್ ವಾಲ್ಡನ್, ಗ್ರೇಟ್ ವಾಲ್ಥಮ್, ಸಾಬ್ರಿಜ್‌ವರ್ತ್ ಅನ್ನೋ ಮೂರು ಒಳ್ಳೇ ಜಮೀನು ಕೈಬಿಟ್ಟು ಹೋದ್ವು. 1130ರ ಲೆಕ್ಕದ ಸುರುಳಿಯಲ್ಲಿ ಜೆಫ್ರಿ ಅಪ್ಪನ ಆಸ್ತಿಗೋಸ್ಕರ ಖಜಾನೆಗೆ 866 ಪೌಂಡಿಗೂ ಮೇಲೆ ಸಾಲಗಾರ. ಮಗ ಆಸ್ತಿ ವಾಪಸ್ ಗಿಟ್ಟಿಸೋಕೆ ಹೊರಟಿದ್ದು, ಅದು ಅತಿಯಾಸೆ ಆಗಿದ್ದು ಆಮೇಲೆ.

ಮತ್ತೆ 1141ರಲ್ಲಿ ಯಾರು ಕಡೆ ಬದಲಿಸಲಿಲ್ಲ ಹೇಳಿ? ಸ್ಟೀಫನ್‌ನ ಸ್ವಂತ ತಮ್ಮ, ವಿಂಚೆಸ್ಟರ್ ಬಿಷಪ್ ಹೆನ್ರಿ, ಅವನೂ ಮಟಿಲ್ಡಾ ಕಡೆ ಹೋಗಿ ವಾಪಸ್ ಬಂದವನೇ. ರಾಜ ಜೈಲಲ್ಲಿದ್ದ ಗುರು, ಅರಮನೆಯಲ್ಲಿ ಅಲ್ಲ! ಅಲ್ದೆ ಮಟಿಲ್ಡಾ ಕೊಟ್ಟ ಎರಡನೇ ಸನ್ನದಿನ ಮೇಲೆ ತಾರೀಖೇ ಇಲ್ಲ. ಅದನ್ನ 1142ಕ್ಕೆ ಹಾಕಿದ್ರೆ ಇವನು ಮೂರನೇ ಸಲ ತಿರುಗಿ ಬಿದ್ದ ದ್ರೋಹಿ, 1141ಕ್ಕೆ ಹಾಕಿದ್ರೆ ಎಲ್ಲರ ಹಾಗೆ ಒಂದು ಸಲ ಹೋಗಿ ಬಂದವನು, ಅಷ್ಟೇ. ಇತಿಹಾಸಕಾರರ ಜಗಳ ಇದೇ, ನಾನಂತೂ 1141ರವರ ಕಡೆ.

ರಾತ್ರಿಓದು:
ಓಹ್, ಅಪ್ಪನ ಕಥೆ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್. ಮತ್ತೆ 1143ರಲ್ಲಿ ಸ್ಟೀಫನ್ ಯಾಕೆ ಹಿಡಿದು ಹಾಕಿದ? ಆಗ ಇವನು ಸ್ಟೀಫನ್ ಕಡೆನೇ ಇದ್ನಲ್ಲ.

ಕೋಟೆಬಾಗಿಲು:
ಅದೇ ಸ್ಟೀಫನ್‌ನ ಕೆಟ್ಟ ಚಾಳಿ. ಯುದ್ಧ ಮಾಡಿ ಕೋಟೆ ಗೆಲ್ಲೋದು ಕಷ್ಟ, ಆಸ್ಥಾನಕ್ಕೆ ಬಂದವನನ್ನ ಅಲ್ಲೇ ಹಿಡ್ಕೊಳ್ಳೋದು ಸುಲಭ. 1139ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬಿಷಪ್‌ಗಳಿಗೆ ಮಾಡಿದ, 1143ರಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ಜೆಫ್ರಿಗೆ, 1146ರಲ್ಲಿ ಚೆಸ್ಟರ್ ಅರ್ಲ್‌ಗೂ ಹಂಗೇ. ಕೋಟೆ ಕೊಡ್ತೀಯೋ, ನೇಣಿಗೆ ಹೋಗ್ತೀಯೋ ಅಂದ. ಟವರ್, ಪ್ಲೆಶಿ, ಸ್ಯಾಫ್ರನ್ ವಾಲ್ಡನ್ ಮೂರೂ ಬಿಟ್ಟುಕೊಟ್ಟ. ಆಮೇಲೆ ಅವನನ್ನ ಸುಮ್ನೆ ಹೊರಗೆ ಬಿಟ್ಟಿದ್ದೇ ದೊಡ್ಡ ತಪ್ಪು, ಕಳ್ಕೊಳ್ಳೋಕೆ ಏನೂ ಉಳಿದಿಲ್ಲದವನ ಜೊತೆ ಯಾರು ಕಾದಾಡ್ತಾರೆ?

ಜವುಗುಹಕ್ಕಿ:
ಮುಂದಿನದ್ದು ನಾನು ಹೇಳ್ತೀನಿ, ನನಗೆ ಇಷ್ಟವಾದ ಭಾಗ ಅದು (ಇಷ್ಟ ಅಂದ್ರೆ ತಪ್ಪಾಗುತ್ತೇನೋ, ಅಲ್ಲಿನ ಜನ ನರಕ ಕಂಡಿದಾರೆ). ಸೀದಾ ಫೆನ್ಸ್ ಅನ್ನೋ ಜವುಗು ಸೀಮೆಗೆ ಹೋದ, ರ್‍ಯಾಮ್ಸಿ ಮಠದ ಸನ್ಯಾಸಿಗಳನ್ನ ಓಡಿಸಿ ಮಠನೇ ಕೋಟೆ ಮಾಡ್ಕೊಂಡ, ಸುತ್ತಮುತ್ತ ಲೂಟಿ. ಮಠದ ಗೋಡೆಗಳಲ್ಲಿ ರಕ್ತ ಜಿನುಗಿತ್ತು, ಕಣ್ಣಾರೆ ನೋಡ್ದೆ ಅಂತ ಆ ಕಾಲದ ಪಾದ್ರಿ ಒಬ್ಬ ಬರೆದಿದಾನೆ. ದಾರಿ ಗೊತ್ತಿಲ್ಲದ ಸೈನ್ಯ ಆ ನೀರಲ್ಲಿ ಏನೂ ಮಾಡೋಕಾಗಲ್ಲ, ಅದಕ್ಕೆ ಸ್ಟೀಫನ್ ಅಂಚಲ್ಲಿ ಸುತ್ತ ಕೋಟೆ ಕಟ್ಟಿಸೋಕೆ ಶುರು ಮಾಡಿದ, ಅದರಲ್ಲಿ ಬರ್‌ವೆಲ್ ಒಂದು. 1144ರ ಬೇಸಿಗೆಲಿ ಜೆಫ್ರಿ ಅದರ ಮೇಲೆ ದಾಳಿಗೆ ಹೋದ, ಸೆಕೆ ಅಂತ ಹೆಲ್ಮೆಟ್ ತೆಗೆದ, ಒಂದು ಬಾಣ ಬಂದು ತಲೆಗೆ ತಾಗ್ತು. ಮೊದಲು ಏನಿಲ್ಲ ಬಿಡು ಅಂದ್ಕೊಂಡ. ಸೆಪ್ಟೆಂಬರ್‌ನಲ್ಲಿ ಮಿಲ್ಡನ್‌ಹಾಲ್‌ನಲ್ಲಿ ಸತ್ತ. ಆ ಬರ್‌ವೆಲ್ ಕೋಟೆ ಪೂರ್ತಿ ಆಗ್ಲೇ ಇಲ್ಲ, ಅಗೆದ ಕಂದಕ ಈಗ್ಲೂ ಹುಲ್ಲು ಬೆಳೆದು ಹಂಗೇ ಇದೆ.

ಹಳೇಕಾಗದ:
ಚರ್ಚ್ ಬಹಿಷ್ಕಾರ ಹಾಕಿತ್ತಲ್ಲ, ಹಾಗಾಗಿ ಹೂಳೋ ಹಂಗಿಲ್ಲ. ಟೆಂಪ್ಲರ್‌ಗಳು (ಸನ್ಯಾಸಿ ಯೋಧರ ಒಂದು ಪಂಥ) ಹೆಣನ ಸೀಸದ ಪೆಟ್ಟಿಗೆಯಲ್ಲಿ ಹಾಕಿ ಲಂಡನ್‌ನ ತಮ್ಮ ತೋಟದಲ್ಲಿ ಮರಕ್ಕೆ ನೇತುಹಾಕಿದ್ರಂತೆ. ನೆಲಕ್ಕೆ ತಾಗಬಾರದಲ್ಲ! ಕ್ಷಮೆ ಸಿಕ್ಕಿ ಹೂಳಿದ್ದು 1160ರ ದಶಕದಲ್ಲಿ.

ರಾತ್ರಿಓದು:
ಅಲ್ಲಿವರೆಗೂ ಮರದ ಮೇಲೇನಾ?! ಮಕ್ಕಳಿಗೆ ಏನಾದ್ರೂ ಸಿಕ್ತಾ ಕೊನೆಗೆ?

ಹಳೇಕಾಗದ:
1156ರಲ್ಲಿ ಎರಡನೇ ಹೆನ್ರಿ, ಅಂದ್ರೆ ಮಟಿಲ್ಡಾ ಮಗ, ಜೆಫ್ರಿ ಮಗನಿಗೆ ಅರ್ಲ್ ಪದವಿ ವಾಪಸ್ ಕೊಟ್ಟ, ಅವನ ಹೆಸರೂ ಜೆಫ್ರಿನೇ. ಅಂದ್ರೆ ಮಗ ಅರ್ಲ್ ಆದಾಗ ಅಪ್ಪ ಇನ್ನೂ ಪೆಟ್ಟಿಗೆಯಲ್ಲೇ.