ಹೀಟಿಂಗ್ ಹಚ್ಚೋ ಮುಹೂರ್ತ

ಸೆಪ್ಟೆಂಬರ್ ಕೊನೆಯ ಭಾನುವಾರ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದು ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡುವ ವಿಚಾರಕ್ಕೆ. ಧಾರವಾಡದ ಕುಲಕರ್ಣಿ ಬಂದವನೇ ಸೋಫಾದ ಮೇಲಿದ್ದ ಶಾಲು ಎಳಕೊಂಡು ಕಿವಿವರೆಗೂ ಹೊದ್ದ.

"ಏನ್ರೀ ಇದು, ಮನ್ಯಾಗ ಹಿಂಗ ಥಂಡಿ! ಹೀಟಿಂಗ್ ಹಚ್ಚಂಗಿಲ್ಲೇನು?"

ಹಾಲ್ ಬುಕಿಂಗ್ ವಿಚಾರ ಅಲ್ಲಿಗೆ ಮುಗಿಯಿತು. ಇಲ್ಲಿಯ ಹೀಟಿಂಗ್ ಅಂದರೆ ಗ್ಯಾಸ್ ಬಾಯ್ಲರಿನಲ್ಲಿ ನೀರು ಕಾಯಿಸಿ, ಕೋಣೆ ಕೋಣೆಯ ರೇಡಿಯೇಟರಿಗೆ ಹರಿಸಿ ಮನೆ ಬೆಚ್ಚಗಿಡುವ ಏರ್ಪಾಡು.

"ಹೀಟಿಂಗಾ? ಈಗ್ಲಾ?" ಮಂಡ್ಯದ ಗೌಡ ಹೌಹಾರಿದ. "ನಮ್ಮನೇಲಿ ನವೆಂಬರ್ ಒಂದಕ್ಕೆ ಮುಂಚೆ ಆ ಸ್ವಿಚ್ಚಿಗೆ ಯಾರೂ ಕೈ ಹಾಕಂಗಿಲ್ಲ. ಬೆಳಗ್ಗೆ ಬಾವುಟ, ಸಂಜೆ ಬಾಯ್ಲರ್ರು."

ಇದೇನು ಗೌಡನ ಸ್ವಂತ ಆವಿಷ್ಕಾರ ಅಂತ ತಿಳಿಯಬೇಡಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುವ ತನಕ ಹೀಟಿಂಗ್ ಹಚ್ಚುವುದಿಲ್ಲ ಅಂತ ಹಟ ಹಿಡಿದ ಇಂಗ್ಲಿಷರೂ ಬೇಕಾದಷ್ಟು ಜನ ಇದ್ದಾರೆ. ಸ್ವೆಟರ್ ಮೇಲೆ ಸ್ವೆಟರ್ ಹಾಕುತ್ತಾರೆ, ಬಿಸಿನೀರಿನ ಚೀಲ ತಬ್ಬಿಕೊಂಡು ಟಿವಿ ನೋಡುತ್ತಾರೆ, ಸ್ವಿಚ್ ಮಾತ್ರ ಮುಟ್ಟುವುದಿಲ್ಲ. ಕಾಸಿನ ವಿಷಯದಲ್ಲಿ ಮಂಡ್ಯಕ್ಕೂ ಇಂಗ್ಲೆಂಡಿಗೂ ಒಳ್ಳೆ ಜಾತಕ ಕೂಡಿಬಂದಿದೆ.

"ನೀ ಯಾವಾಗ ಬೇಕಾದ್ರೂ ಹಚ್ಚು ಮಾರಾಯ," ಅಂದ ಶಿರಸಿಯ ಭಟ್ಟ. ಸ್ಕ್ರೂ ಡ್ರೈವರ್ ಕಂಡರೆ ಅವನ ಕಣ್ಣು ಹೊಳೆಯುತ್ತದೆ. "ಆದ್ರೆ ಹತ್ತತ್ತಾ ಇಲ್ಲವಾ ಅಂತ ನೋಡೋದು ಈಗ. ಮೇ ತಿಂಗಳಿಂದ ನಿಂತ ಪಂಪು ಹಾಗೇ ಕಚ್ಚಿಕೊಂಡಿರಬಹುದು. ಮೊದಲ ಚಳಿ ಬಿದ್ದ ಸಂಜೆ ಊರಿಗೆ ಊರೇ ಸ್ವಿಚ್ ಒತ್ತತ್ತೆ. ಕೆಡೋವೆಲ್ಲ ಅವತ್ತೇ ಕೆಡ್ತವೆ. ಮರುದಿನ ಎಂಜಿನಿಯರಿಗೆ ಫೋನ್ ಮಾಡು, ಎರಡು ವಾರ ಬಿಟ್ಟು ಬರ್ತೀನಿ, ಬೆಳಗ್ಗೆ ಎಂಟರಿಂದ ಸಂಜೆ ಆರರ ತನಕ ಮನೇಲೇ ಇರಿ ಅಂತಾನೆ."

ಹೇಳಿದವನೇ ಅಡುಗೆಮನೆಗೆ ನುಗ್ಗಿ ಬಾಯ್ಲರ್ ಕಪಾಟು ತೆಗೆದ. ಒಳಗೆ ಬಾಯ್ಲರ್ ಕಾಣಲಿಲ್ಲ. ಹಪ್ಪಳದ ಡಬ್ಬ, ಮಡಚಿಟ್ಟ ಸೂಪರ್ ಮಾರ್ಕೆಟ್ ಚೀಲಗಳು, ಅದರ ಮೇಲೆ ತಟ್ಟೆ ಮುಚ್ಚಿದ ದೋಸೆ ಹಿಟ್ಟಿನ ಪಾತ್ರೆ. ಇವನ್ನೆಲ್ಲ ಹೊರಗೆ ಸಾಗಿಸಿದ ಮೇಲೆ ಬಿಳಿ ಪೆಟ್ಟಿಗೆ ದರ್ಶನ ಕೊಟ್ಟಿತು.

"ಪಾತ್ರೆ ಅಲುಗಾಡಿಸಬೇಡ, ಹುದುಗು ಬರ್ತಿದೆ," ಅಂತ ನನ್ನ ಹೆಂಡತಿ ಕೂಗಿದಳು.

"ಹಿಟ್ಟು ನಮ್ಮ ಏರಿಂಗ್ ಕಬೋರ್ಡಲ್ಲಿ ಬಂದ ಹಾಗೆ ಎಲ್ಲೂ ಬರಲ್ಲ," ಅಂದರು ಡಾಕ್ಟರಮ್ಮ. ಅವರದು ಹಳೇ ಮನೆ, ಬಿಸಿನೀರಿನ ಟ್ಯಾಂಕ್ ಇರುವ ಬೀರು ಇದೆ. ಪಕ್ಕದ ಮನೆಯವರು ಅಂಥ ಬೀರುವಿನಲ್ಲಿ ಟವೆಲ್ ಬೆಚ್ಚಗಿಡುತ್ತಾರೆ, ಇವರು ಇಡ್ಲಿ ಹಿಟ್ಟು. "ಒಂದು ದಿನ ಬೆಳಗ್ಗೆ ನೋಡ್ತೀನಿ, ಹಿಟ್ಟು ಒಂದಿಂಚೂ ಎದ್ದಿಲ್ಲ. ಟ್ಯಾಂಕಿನ ಬಿಸಿ ನೋಡಿಕೊಳ್ಳೋ ಥರ್ಮೋಸ್ಟಾಟ್ ಹೋಗಿದೆ ಅಂತ ನನಗೆ ಗೊತ್ತಾಗಿದ್ದೇ ಹಾಗೆ."

ಭಟ್ಟ ಮೊಬೈಲ್ ಟಾರ್ಚ್ ಹಾಕಿ ಬಗ್ಗಿದ. ಬಾಯ್ಲರಿನ ಹೊಟ್ಟೆ ಕೆಳಗೆ ಒಳಗಿನ ನೀರಿನ ಒತ್ತಡ ತೋರಿಸುವ ಪುಟ್ಟ ಗಡಿಯಾರದಂಥ ಮೀಟರ್. ಮುಳ್ಳು 1ಕ್ಕಿಂತ ಒಂದು ಕೂದಲು ಕೆಳಗಿತ್ತು. "ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು. ಕಾದ ಮೇಲೆ 2ರ ಹತ್ತಿರ ಹೋದ್ರೂ ತಕರಾರಿಲ್ಲ. 3 ಮುಟ್ಟಿದ್ರೆ ಸೇಫ್ಟಿ ವಾಲ್ವ್ ತೆಗೆದು ಹೊರಗಡೆ ನೀರು ಸುರಿಯತ್ತೆ."

"ನಮ್ಮದು ಸೊನ್ನೇಲಿ ಐತೆ," ಅಂದ ಗೌಡ ಹೆಮ್ಮೆಯಿಂದ. "ಮುಳ್ಳು ಸೊನ್ನೆ, ಬಿಲ್ಲೂ ಸೊನ್ನೆ."

"ಸೊನ್ನೇಲಿದ್ರೆ ಅದು ಹತ್ತೋದೇ ಇಲ್ಲ ಮಾರಾಯ!"

ಗೌಡನ ಮುಖ ಮೊದಲ ಸಲ ಸಣ್ಣಗಾಯಿತು.

ಭಟ್ಟ ಥರ್ಮೋಸ್ಟಾಟ್ ತಿರುಪಿ ಹೀಟಿಂಗ್ ಹಚ್ಚಿಯೇಬಿಟ್ಟ. ಎಲ್ಲರೂ ಚಹಾ ಲೋಟ ಹಿಡಿದು ರೇಡಿಯೇಟರ್ ಪ್ರದಕ್ಷಿಣೆಗೆ ಹೊರಟೆವು. ಒಂದೊಂದನ್ನೂ ಮೇಲೆ, ಕೆಳಗೆ, ನಡುವೆ ಮುಟ್ಟಿ ನೋಡಬೇಕಂತೆ. ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ, ಬೀಗದ ಕೈಯಂಥ ಸಣ್ಣ ಕೀಲಿಯಲ್ಲಿ ನಾವೇ ಬಿಡಬಹುದು. ಕೆಳಗೆ ತಣ್ಣಗಿದ್ದರೆ ಕೆಸರು ಕೂತಿದೆ, ಅದನ್ನು ತೊಳೆಸಲು ಜನ ಬೇಕು. ಮಹಡಿ ಮೇಲಿನ ಒಂದು ರೇಡಿಯೇಟರ್ ಮಾತ್ರ ಮೇಲೂ ಇಲ್ಲ, ಕೆಳಗೂ ಇಲ್ಲ, ಪೂರ್ತಿ ತಣ್ಣಗಿತ್ತು.

"ಇದು ಪಿನ್ ಕೇಸು!" ಕುಲಕರ್ಣಿಗೆ ಎಲ್ಲಿಲ್ಲದ ಹುರುಪು ಬಂತು. "ನಮ್ಮತ್ತಿಯೋರು ಹುಬ್ಬಳ್ಳಿಯಿಂದ ನವೆಂಬರ್‌ದಾಗ ಬಂದಿದ್ರು. ಎಲ್ಲಾ ಖೋಲಿ ಬೆಚ್ಚಗ, ಅವರ ಖೋಲಿ ಅಷ್ಟ ಬರ್ಫ. ಅಳಿಯಾ ಬೇಕಂತ ನನ್ನ ಖೋಲೀದು ಬಂದ್ ಮಾಡ್ಯಾನ ಅಂತ ಫೋನಿನ್ಯಾಗ ಇಡೀ ಹುಬ್ಬಳ್ಳಿಗೆ ಡಂಗುರಾ ಸಾರಿದ್ರು. ಕಡೀಕ ನೋಡಿದ್ರ ಏನು? ಬ್ಯಾಸಗಿ ಪೂರ್ತಿ ರೇಡಿಯೇಟರ್ ವಾಲ್ವ್ ಸೊನ್ನೆಕ್ಕಿಟ್ಟು ಒಳಗಿನ ಪಿನ್ ಹಿಡಕೊಂಡಿತ್ತು. ಮ್ಯಾಲಿನ ಟೊಪಗಿ ಬಿಚ್ಚಿ ಪಿನ್ ಮೆಲ್ಲಕ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದ ಮ್ಯಾಲೆ ಬಿಸಿ ಬಂತು."

"ಅತ್ತೆ ಏನಂದ್ರು?"

"ನಾ ಬೈದಿದ್ದಕ್ಕ ಹಚ್ಚಿದಾ ಅಂದ್ರು."

ಈಗ ಅವನು ಬೇಸಿಗೆ ಬಂದರೆ ಮನೆಯ ವಾಲ್ವೆಲ್ಲ ಪೂರ್ತಿ ತೆರೆದೇ ಇಡುತ್ತಾನೆ. ನಮ್ಮ ಮಹಡಿಯ ಪಿನ್ನನ್ನೂ ಅವನೇ ಬೆರಳಲ್ಲಿ ಒತ್ತಿ ಏಳಿಸಿ ಗೆದ್ದವನ ಹಾಗೆ ಕೆಳಗಿಳಿದ.

ಗಾಳಿ ಬಿಡಲು ಕೀಲಿ ಹಾಕುವುದು ಬಿಸಿ ಇದ್ದಾಗಲ್ಲ, ಮೈ ಸುಟ್ಟೀತು. ಹೀಟಿಂಗ್ ಆರಿಸಿ, ಬಿಸಿಬೇಳೆಬಾತ್ ತಿಂದು, ಎಲ್ಲ ತಣ್ಣಗಾದ ಮೇಲೆ ಭಟ್ಟ, ಮೇಲ್ಭಾಗ ಬಿಸಿಯಾಗದಿದ್ದ ಹಾಲ್‌ನ ರೇಡಿಯೇಟರ್ ಮುಂದೆ ಕುಕ್ಕರುಗಾಲಲ್ಲಿ ಕೂತ. ಸ್ಟೀಲ್ ಲೋಟ ಹಿಡಿಯುವ ಕೆಲಸ ಗೌಡನಿಗೆ. ಕಾಲು ಸುತ್ತು ತಿರುಪಿದ್ದೇ ತಡ, ಉಸ್ಸ್ ಅಂತು.

"ಗ್ಯಾಸ್ ಲೀಕು!" ಗೌಡ ಲೋಟ ಸಮೇತ ಬಾಗಿಲಿಗೆ ಓಡಿದ.

"ಗಾಳಿ ಕಣೋ, ಲೋಟ ತಾರೋ!"

ಲೋಟ ಬರುವಷ್ಟರಲ್ಲಿ ಉಸ್ಸ್ ನಿಂತು ನೀರು ಚಿಮ್ಮಿತು. ಡಿಕಾಕ್ಷನ್ ಬಣ್ಣದ ನೀರು. ಒಳಗಿನ ಕಬ್ಬಿಣ ವರ್ಷಗಟ್ಟಲೆ ತುಕ್ಕು ಹಿಡಿದು ಕರಗಿದ್ದು ಅದು. ಅಷ್ಟೂ ಹೋಗಿ ಕೂತಿದ್ದು ವಾಪಸ್ ಬಂದ ಗೌಡನ ಬಿಳಿ ಕಾಲುಚೀಲದ ಮೇಲೆ. ಕಲೆ ಇವತ್ತಿಗೂ ಹೋಗಿಲ್ಲ ಅಂತ ಕೇಳಿದೆ.

ಗಾಳಿ ಹೋದರೆ ಒತ್ತಡವೂ ಇಳಿಯುತ್ತದೆ. ಮುಳ್ಳು 0.7ಕ್ಕೆ ಬಂದಿತ್ತು. ಬಾಯ್ಲರ್ ಕೆಳಗೆ ಜಡೆ ಹೆಣೆದಂತಿದ್ದ, ನಲ್ಲಿ ನೀರು ತುಂಬಿಸುವ ಬೆಳ್ಳಿ ಬಣ್ಣದ ಪೈಪಿನ ವಾಲ್ವುಗಳನ್ನು ಭಟ್ಟ ಮೆಲ್ಲಗೆ ತೆರೆದು, ಮುಳ್ಳು 1.3 ತಲುಪಿದ ಕೂಡಲೇ ಎರಡನ್ನೂ ಮುಚ್ಚಿದ. "ಎರಡೂ," ಅಂತ ನನ್ನ ಮುಖ ನೋಡಿ ಒತ್ತಿ ಹೇಳಿದ. "ವಾರಕ್ಕೊಮ್ಮೆ ಹೀಗೆ ತುಂಬೋ ಹಾಗಾದ್ರೆ ಎಲ್ಲೋ ಸೋರ್ತಿದೆ ಅಂತ ಲೆಕ್ಕ."

ಗೌಡನಿಗೆ ಒಂದು ಐಡಿಯಾ ಹೊಳೆಯಿತು. "ಮುಂದಿನ್ ತಿಂಗ್ಳು ನಮ್ ಬಾಮೈದ ಬತ್ತಾವ್ನೆ. ಪಂಪ್‌ಸೆಟ್ ಬಿಚ್ಚಿ ಕಟ್ಟೋದ್ರಲ್ಲಿ ಎತ್ತಿದ ಕೈ. ಬಾಯ್ಲರ್ ಮುಚ್ಚಳ ತೆಗೆಸಿ ಒಳಗೊಂದು ಸಲ ಗುಡಿಸ್ಬಿಟ್ರೆ..."

ಡಾಕ್ಟರಮ್ಮ ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆ ಯಾರೂ ಮಾತಾಡುವುದಿಲ್ಲ.

"ಗೌಡ್ರೇ, ಊರ ಬಚ್ಚಲ ಹಂಡೆ ಒಲೆ ಸರಿಯಾಗಿ ಉರೀದಿದ್ರೆ ಹೊಗೆ ಬಂದು ಕಣ್ಣಲ್ಲಿ ನೀರು ಸುರಿದು ನಾವೇ ಹೊರಗೆ ಓಡ್ತೀವಿ. ಈ ಪೆಟ್ಟಿಗೆ ಸರಿಯಾಗಿ ಉರೀದಿದ್ರೆ ಬರೋದು ಕಾರ್ಬನ್ ಮಾನಾಕ್ಸೈಡು. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಫ್ಲೂ ಇರಬೇಕು ಅಂತ ಮಲಗ್ತೀರಿ. ಆಮೇಲೆ ಏಳಲ್ಲ. ಮುಚ್ಚಳ ತೆಗೆಯೋ ಕೆಲಸ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರೋರದ್ದು ಮಾತ್ರ. 2009ರಿಂದ ಆ ಪಟ್ಟಿ ಇದೆ. ಬಂದವರ ಕಾರ್ಡ್ ಕೇಳಿ, ಹಿಂದೆ ತಿರುಗಿಸಿ ನೋಡಿ, ಯಾವ ಕೆಲಸಕ್ಕೆ ಅನುಮತಿ ಇದೆ ಅಂತ ಅಲ್ಲೇ ಬರೆದಿರತ್ತೆ. ನಿಮ್ಮನೇಲಿ ಕಾರ್ಬನ್ ಮಾನಾಕ್ಸೈಡ್ ಬಂದ್ರೆ ಕೂಗೋ ಅಲಾರ್ಮ್ ಇದೆ ತಾನೆ?"

"ಐತೆ. ಕೀಚ್ ಕೀಚ್ ಅಂತಿತ್ತು, ಬ್ಯಾಟ್ರಿ ತಗ್ದು ಟಿವಿ ರಿಮೋಟಿಗೆ ಹಾಕ್ದೆ."

ಮುಂದಿನ ಕೆಲವು ನಿಮಿಷಗಳ ಸಂಭಾಷಣೆಯನ್ನು ಇಲ್ಲಿ ಬರೆಯುವುದಿಲ್ಲ. ಡಾಕ್ಟರಮ್ಮ ಮೂಲತಃ ಸೌಮ್ಯ ಸ್ವಭಾವದವರು. ಬಾಡಿಗೆ ಮನೆಯಾದರೆ ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸುವುದು ಮನೆ ಮಾಲೀಕನ ಕಾನೂನುಬದ್ಧ ಕರ್ತವ್ಯ. ಸ್ವಂತ ಮನೆಯವರನ್ನು ಹಾಗೆ ಹಿಡಿದು ಕೂರಿಸುವವರಿಲ್ಲ, ಅದಕ್ಕೇ ಗೌಡನಂಥವರಿಗೆ ಈ ಧೈರ್ಯ.

ಕೊನೆಗೆ ಹಿತ್ತಲಿಗೆ ಹೋದೆವು. ಗೋಡೆಯಿಂದ ಹೊರಬಂದು ಮೋರಿಗೆ ಇಳಿಯುವ ಬಿಳಿ ಪ್ಲಾಸ್ಟಿಕ್ ಪೈಪ್ ತೋರಿಸಿ ಭಟ್ಟ ಅಂದ, "ಇದು ಹೆಪ್ಪುಗಟ್ಟಿದ್ರೆ ಬಾಯ್ಲರ್ ಬಂದ್." 2005ರಿಂದ ಇಲ್ಲಿ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರೆಲ್ಲ ಹೆಚ್ಚೂ ಕಡಿಮೆ ಕಂಡೆನ್ಸಿಂಗ್ ಜಾತಿಯವು. ಹೊಗೆಯ ಆವಿಯನ್ನು ನೀರಾಗಿಸಿ ಅದರ ಶಾಖವನ್ನೂ ಹೀರಿಕೊಂಡು ಆ ನೀರನ್ನು ಈ ಪೈಪಲ್ಲಿ ತೊಟ್ಟಿಕ್ಕಿಸುತ್ತವೆ. 2010ರ ಡಿಸೆಂಬರ್ ಚಳಿಯನ್ನು ಕಂಡವರಿಗೆ ಈ ಪೈಪಿನ ಮಹಿಮೆ ಗೊತ್ತು. ಕಟ್ಟಿಕೊಂಡರೆ ಬೆಚ್ಚನೆ ನೀರು ಹುಯ್ಯಬೇಕು, ಕುದಿಯುವ ನೀರಲ್ಲ, ಪೈಪ್ ಸೀಳುತ್ತದೆ.

"ಹಳೇ ಕಂಬಳಿ ಸುತ್ತಿದ್ರೆ?" ಅಂತ ಗೌಡ.

"ಮಳೆಗೆ ನೆಂದು ಇನ್ನೂ ತಣ್ಣಗಾಗತ್ತೆ. ಫೋಮ್ ಕೊಳವೆ ಸಿಗತ್ತೆ, ಅದಕ್ಕಾದ್ರೂ ದುಡ್ಡು ಬಿಚ್ಚು. ಬದಲಿಗೆ ದುಡ್ಡು ಉಳಿಸೋದೂ ಹೇಳ್ತೀನಿ. ಬಾಯ್ಲರಿಂದ ರೇಡಿಯೇಟರಿಗೆ ಹೋಗೋ ನೀರನ್ನ ಎಷ್ಟೋ ಮನೇಲಿ 75, 80 ಡಿಗ್ರಿಗೆ ಇಟ್ಟಿರ್ತಾರೆ. 60ಕ್ಕೆ ಇಳಿಸು. ವಾಪಸ್ ಬರೋ ನೀರು 55ಕ್ಕಿಂತ ಕೆಳಗಿದ್ರೇ ಆ ಆವಿ ನೀರಾಗೋದು. ಮನೆ ಬೆಚ್ಚಗಾಗೋದು ಸ್ವಲ್ಪ ನಿಧಾನ, ಗ್ಯಾಸ್ ಕಮ್ಮಿ."

"ನಮ್ಮದು ಟ್ಯಾಂಕಿನದು, ನಾನು ಇಳಿಸಲ್ಲ," ಅಂದರು ಡಾಕ್ಟರಮ್ಮ. "ಟ್ಯಾಂಕಿನ ನೀರು 60ರಲ್ಲಿ ಇಲ್ದಿದ್ರೆ ಲೀಜಿಯೊನೆಲ್ಲಾ ಅನ್ನೋ, ಶ್ವಾಸಕೋಶಕ್ಕೆ ರೋಗ ತರೋ ಬ್ಯಾಕ್ಟೀರಿಯಾ ಬೆಳೆಯತ್ತೆ."

ಗೌಡನ ಕಿವಿಗೆ ಬಿದ್ದಿದ್ದು "ಗ್ಯಾಸ್ ಕಮ್ಮಿ" ಒಂದೇ. ಕೂಡಲೇ ಫೋನ್ ತೆಗೆದು ಸ್ಪೀಕರ್ ಹಾಕಿದ.

"ಇವಳೇ, ಮುಳ್ಳು ಎಲ್ಲೈತೆ ನೋಡು. ಸೊನ್ನೇಲಿದ್ರೆ ನಾನು ಬರ್ತೀನಿ ತಡಿ. ಇಲ್ಲಾಂದ್ರೆ ಹೀಟಿಂಗ್ ಹಚ್ಚಿ ಒಂದರ್ಧ ಗಂಟೆ ಬಿಡು."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಗಟ್ಟಿ ದನಿ ಕೇಳಿಸಿತು.

"ಯಾರ್ರೀ ನೀವು? ನಮ್ಮೆಜಮಾನ್ರ ಫೋನು ನಿಮ್ ಕೈಗೆ ಹೆಂಗೆ ಬಂತು?"